ಯಾರಿಗೆ ಮಾರುವುದಿಲ್ಲವೆಂದು ಬರೆದುಕೊಟ್ಟ ವರ್ಷ

ಈ ವರ್ಷದ ಮೊದಲ ಮಳೆ ಬಿದ್ದ ಮರುದಿನ, ಬೆಳಗಾವಿಯ ಕಾರ್ಖಾನೆಗಳ ಬಡಾವಣೆ ಉದ್ಯಮಬಾಗಕ್ಕೆ ಹೋಗಿದ್ದೆ. ರಿಕ್ಷಾ ಇಳಿದು ನಾನು ಮೊದಲು ಕೆಲಸಕ್ಕಿದ್ದ ಫೌಂಡ್ರಿಯ ಗೇಟಿನೊಳಗೆ ಕಾಲಿಡುತ್ತಲೇ ಆ ವಾಸನೆ ಮೂಗಿಗೆ ಬಡಿಯಿತು. ಕಾದ ಕಬ್ಬಿಣ ಸುರಿದು ಕಪ್ಪಾದ ಮರಳನ್ನು ಅಲ್ಲಿ ಅಂಗಳದಲ್ಲಿ ರಾಶಿ ಹಾಕಿರುತ್ತಾರೆ. ಅದರ ಮೇಲೆ ಮಳೆ ಬಿದ್ದರೆ ಬೆಲ್ಲ ಸೀದಂಥ, ಗಂಧಕ ಸುಟ್ಟಂಥ ವಾಸನೆ ಏಳುತ್ತದೆ. ಒಂಬತ್ತು ವರ್ಷ ಆ ವಾಸನೆಯಲ್ಲಿ ಕೂತು ಪತ್ರ ಬರೆದವಳು ನಾನು. ಆದರೆ ಅಂದು ಕಣ್ಣ ಮುಂದೆ ಬಂದದ್ದು ಹೋದ ವರ್ಷದ ಮಳೆಗಾಲ ಒಂದೇ.

ನನ್ನ ಕೆಲಸ ಪರದೇಶದ ಗಿರಾಕಿಗಳ ಜೊತೆಗಿನ ಪತ್ರವ್ಯವಹಾರ. ನಮ್ಮ ಫೌಂಡ್ರಿ ಪಂಪಿನ ಒಡಲು, ವಾಲ್ವಿನ ಒಡಲು ಇಂಥವನ್ನು ಎರಕ ಹೊಯ್ಯುತ್ತಿತ್ತು. ದೊಡ್ಡ ಗಿರಾಕಿಗಳು ಇಬ್ಬರು. ಒಬ್ಬರು ಅಮೆರಿಕದ ಕಂಪನಿ, ಇನ್ನೊಬ್ಬರು ದಕ್ಷಿಣ ರಷ್ಯಾದ ಒಂದು ಪಂಪ್ ಕಾರ್ಖಾನೆ. ಊರುಗಳಿಗೆ ಕುಡಿಯುವ ನೀರು ಎತ್ತುವ ಪಂಪುಗಳನ್ನು ಆ ಕಾರ್ಖಾನೆ ಮಾಡುತ್ತಿತ್ತು. ಅಲ್ಲಿಂದ ನನಗೆ ಬರೆಯುತ್ತಿದ್ದವಳು ಲ್ಯುಡ್ಮಿಲಾ. ನನಗಿಂತ ಹತ್ತು ವರ್ಷ ಹಿರಿಯಳು. ಒಮ್ಮೆ ಬೆಳಗಾವಿಗೂ ಬಂದಿದ್ದಳು. ಖಾಸಬಾಗದ ನಮ್ಮ ಮನೆಯಲ್ಲಿ ಅವ್ವ ಮಾಡಿದ ಕುಂದಾ ತಿಂದು, ಇದರಲ್ಲಿ ಏನೇನು ಹಾಕಿದ್ದೀರಿ ಎಂದು ಕೇಳಿ ಬರೆದುಕೊಂಡು ಹೋಗಿದ್ದಳು. ಅಲ್ಲಿಂದ ಮುಂದೆ ಪ್ರತಿ ಪತ್ರದ ಕೊನೆಗೆ ಅವಳ ತಾಯಿಯ ಮೊಣಕಾಲು ನೋವಿನ ಸುದ್ದಿ ಒಂದು ಸಾಲು, ನನ್ನ ಅವ್ವನ ಸಕ್ಕರೆ ಕಾಯಿಲೆಯ ಸುದ್ದಿ ಒಂದು ಸಾಲು.

ಅಲ್ಲಿ ಯುದ್ಧ ಶುರುವಾದ ಮೇಲೂ ಆ ಸಾಲುಗಳು ನಿಲ್ಲಲಿಲ್ಲ. ಯುದ್ಧದ ಬಗ್ಗೆ ಅವಳೂ ಬರೆಯಲಿಲ್ಲ, ನಾನೂ ಕೇಳಲಿಲ್ಲ.

ಆ ಮಳೆಗಾಲದ ಜೂನಿನಲ್ಲಿ ಅಮೆರಿಕದ ಕಂಪನಿಯಿಂದ ಒಂದು ಕಾಗದ ಬಂತು. ರಷ್ಯಾಕ್ಕೆ ಯಾವ ವಸ್ತುವನ್ನೂ ನೇರವಾಗಿಯಾಗಲಿ, ಬೇರೆಯವರ ಮೂಲಕವಾಗಲಿ ಮಾರುವುದಿಲ್ಲ ಎಂದು ನಾವು ಬರೆದುಕೊಡಬೇಕು. ಹಾಗೆ ಬರೆದುಕೊಡದವರ ಹೆಸರನ್ನು ಮಾಲು ಒದಗಿಸುವವರ ಪಟ್ಟಿಯಿಂದ ತೆಗೆದುಹಾಕಲಾಗುತ್ತದೆ. ಅದನ್ನು ಮಾಲಕರ ಮೇಜಿನ ಮೇಲಿಟ್ಟೆ. ಅವರನ್ನು ಎಲ್ಲರೂ ಅಪ್ಪಾಸಾಹೇಬರು ಅನ್ನುತ್ತಿದ್ದರು. ಅರವತ್ತೆರಡು ವಯಸ್ಸು, ದಪ್ಪ ಮೀಸೆ, ಬಿಳಿ ಅಂಗಿ. ಇಂಗ್ಲಿಷ್ ಓದುತ್ತಿದ್ದರು. ಆದರೆ ಮನಸ್ಸಿಗೆ ನೋವಾದ ವಿಷಯವಾದರೆ ನನ್ನ ಬಾಯಿಂದ ಕನ್ನಡದಲ್ಲಿ ಕೇಳಬೇಕಿತ್ತು.

ನಾನು ಓದಿ ಹೇಳಿದೆ. ಅವರು ಕನ್ನಡಕ ತೆಗೆದರು.

"ನಮ್ಮ ದೇಶಾನ ಯಾರ ಕಡೆನೂ ಹೋಗಿಲ್ಲ, ಶೋಭಾ. ಅವರ ಕಡಿಂದ ಎಣ್ಣಿ ತಗೊಂತದ, ಇವರ ಕಡಿಂದ ವಿಮಾನ ತಗೊಂತದ. ಇಬ್ಬರ ಕೂಡನೂ ಕೈ ಕುಲುಕ್ತದ. ನಾ ಒಬ್ಬ ಪಂಪಿನ ಕಾಸ್ಟಿಂಗ್ ಮಾಡಾಂವ. ನನಗ ಯಾಕ ಕೇಳ್ತಾರ ಇದನ್ನ?"

"ದೇಶಕ್ಕ ಕೇಳಾಕ ಆಗಂಗಿಲ್ಲಲ್ರಿ, ಅದಕ್ಕ ನಮಗ ಕೇಳ್ತಾರ," ಅಂದೆ. ಹೇಳಿದ ಮೇಲೆ ಮಾತು ಹೆಚ್ಚಾಯಿತೇನೋ ಅನಿಸಿತು. ಅವರು ಸಿಟ್ಟಾಗಲಿಲ್ಲ. ಕಾಗದವನ್ನು ಮಡಚಿ ಖಾನೆಯೊಳಗೆ ಹಾಕಿದರು.

ಮೂರು ವಾರ ಅದು ಅಲ್ಲೇ ಇತ್ತು. ಮಳೆ ಜೋರಾಗಿತ್ತು. ಶೆಡ್ಡಿನ ತಗಡಿನ ಮೇಲೆ ಬೀಳುವ ಮಳೆಯ ಸದ್ದಿಗೆ ಫೋನಿನಲ್ಲಿ ಮಾತಾಡುವುದೂ ಕಷ್ಟ. ಅಪ್ಪಾಸಾಹೇಬರು ದಿನಕ್ಕೆ ಹತ್ತು ಸಲ ನನ್ನ ಕೋಣೆಗೆ ಬಂದು, ಆರ್ಡರುಗಳ ಫೈಲು ತಿರುವಿ ಹೋಗುತ್ತಿದ್ದರು. ಮನೆಗೆ ಬಂದರೆ ನಮ್ಮಪ್ಪ ಟಿವಿ ಮುಂದೆ ಕೂತಿರುತ್ತಿದ್ದರು. ಅಲ್ಲಿ ನಾಲ್ಕು ಜನ ಒಟ್ಟಿಗೆ ಕೂಗುತ್ತಿದ್ದರು. ಯಾರು ನಮ್ಮ ಗೆಳೆಯರು, ಯಾರನ್ನು ನಂಬಬೇಕು, ಯಾರಿಗೆ ಪಾಠ ಕಲಿಸಬೇಕು ಎಂದು.

"ಈಗಿನ ಭಾರತ ಯಾರಿಗೂ ಬಗ್ಗಂಗಿಲ್ಲ," ಅನ್ನುತ್ತಿದ್ದರು ಅಪ್ಪ, ಚಹಾದ ಕಪ್ಪು ಕೆಳಗಿಡುತ್ತ.

ನಾನು ಒಳಗೆ ಹೋಗಿ ರೊಟ್ಟಿಗೆ ಹಿಟ್ಟು ನಾದುತ್ತಿದ್ದೆ. ಅಮೆರಿಕದ ಆರ್ಡರ್ ನಿಂತರೆ ಫೌಂಡ್ರಿಯ ಅರ್ಧಕ್ಕಿಂತ ಹೆಚ್ಚು ಕೆಲಸ ನಿಲ್ಲುತ್ತದೆ ಎಂಬುದು ನನಗೆ ಗೊತ್ತಿತ್ತು, ಅಪ್ಪನಿಗೆ ಗೊತ್ತಿರಲಿಲ್ಲ.

ಜುಲೈ ಎರಡನೇ ವಾರ ಅಪ್ಪಾಸಾಹೇಬರು ಸಹಿ ಹಾಕಿದರು. ಹಾಕುವಾಗ ನನ್ನ ಮುಖ ನೋಡಲಿಲ್ಲ. "ಆ ಬಾಯಿಗೆ ನೀನ ಬರಿ," ಅಂದರು. ಬಾಯಿ ಎಂದರೆ ಅವರ ಮಾತಿನಲ್ಲಿ ಹೆಂಗಸು; ಲ್ಯುಡ್ಮಿಲಾಳ ಹೆಸರು ಅವರ ನಾಲಿಗೆಗೆ ತಿರುಗುತ್ತಿರಲಿಲ್ಲ. "ಸಣ್ಣದಾಗಿ ಬರಿ. ಸುಳ್ಳು ಬರಿಬ್ಯಾಡ."

ಆರು ಸಲ ಬರೆದು ಅಳಿಸಿದೆ. ಕೊನೆಗೆ ನಾಲ್ಕು ಸಾಲು ಉಳಿದವು. ಇನ್ನು ಮುಂದೆ ನಿಮಗೆ ಮಾಲು ಕಳಿಸಲು ಆಗುವುದಿಲ್ಲ, ಕಾರಣ ನಿಮಗೆ ಗೊತ್ತೇ ಇದೆ, ಈಗಾಗಲೇ ಎರಕ ಹೊಯ್ದದ್ದನ್ನು ಮಾತ್ರ ಕಳಿಸುತ್ತೇವೆ, ಕ್ಷಮಿಸಿ. ಆ ದಿನ ಕೊನೆಯಲ್ಲಿ ಅವ್ವನ ಸುದ್ದಿ ಬರೆಯಲಿಲ್ಲ. ಅದನ್ನು ಬರೆಯುವ ಹಕ್ಕು ಕಳೆದುಕೊಂಡಂತೆ ಅನಿಸಿತ್ತು.

ಅವಳ ಉತ್ತರ ಮರುದಿನವೇ ಬಂತು. "ಅರ್ಥವಾಯಿತು. ನಿಮ್ಮದು ಸಣ್ಣ ಕಂಪನಿ. ನಮ್ಮಲ್ಲೂ ನನ್ನನ್ನು ಕೇಳಿ ಯಾರೂ ಏನೂ ಮಾಡಿಲ್ಲ." ಇಷ್ಟೇ. ಅವಳೂ ತಾಯಿಯ ಸುದ್ದಿ ಬರೆದಿರಲಿಲ್ಲ.

ಮುಂದಿನ ತಿಂಗಳು ಅಮೆರಿಕ ನಮ್ಮ ದೇಶದ ಮಾಲಿನ ಮೇಲೆ ಸುಂಕ ಏರಿಸಿತು. ಏರಿಸಿದ್ದರ ಮೇಲೆ ಮತ್ತೂ ಏರಿಸಿತು. ರಷ್ಯಾದಿಂದ ಎಣ್ಣೆ ಕೊಂಡಿದ್ದಕ್ಕೆ ದಂಡವೆಂದು ಪೇಪರುಗಳಲ್ಲಿ ಬಂತು. ನಾವು ರಷ್ಯಾಕ್ಕೆ ಮಾರುವುದನ್ನು ಬಿಟ್ಟು ಆರು ವಾರವೂ ಆಗಿರಲಿಲ್ಲ. ಅಮೆರಿಕದ ಕಂಪನಿ ಎರಡು ಸಾಲಿನ ಮೇಲ್ ಕಳಿಸಿತು. ಎಲ್ಲ ಆರ್ಡರುಗಳನ್ನು ಮುಂದಿನ ಸೂಚನೆ ಬರುವವರೆಗೆ ತಡೆಹಿಡಿಯಲಾಗಿದೆ. ನಾವು ಬರೆದುಕೊಟ್ಟ ಕಾಗದದ ಪ್ರಸ್ತಾಪವೇ ಅದರಲ್ಲಿ ಇರಲಿಲ್ಲ.

ಅಪ್ಪಾಸಾಹೇಬರು ಅದನ್ನು ತಾವೇ ಓದಿಕೊಂಡರು. ಆಮೇಲೆ ಎದ್ದು ಶೆಡ್ಡಿಗೆ ಹೋಗಿ, ಪೆಟ್ಟಿಗೆಗಳಲ್ಲಿ ಕಟ್ಟಿಟ್ಟ ಅಮೆರಿಕದ ವಾಲ್ವುಗಳ ಮುಂದೆ ನಿಂತರು. ಒಂದು ಪೆಟ್ಟಿಗೆಯ ಮೇಲೆ ಕೈಯಿಟ್ಟು, ದನದ ಮೈ ಸವರಿದಂತೆ ಸವರುತ್ತಿದ್ದರು. ನಾನು ಬಾಗಿಲಲ್ಲೇ ನಿಂತೆ.

"ಆ ಬಾಯಿಗೆ ಮತ್ತೊಮ್ಮೆ ಬರದು ನೋಡು," ಅಂದರು.

ಮತ್ತೆ ನಮ್ಮ ಮಾಲು ಕೊಳ್ಳುವಿರಾ ಎಂದು ಬರೆಯಲು ನನಗೆ ನಾಚಿಕೆ. ಆದರೂ ಬರೆದೆ. ಈ ಸಲ ಉತ್ತರಕ್ಕೆ ಹತ್ತು ದಿನ ಹಿಡಿಯಿತು. ಅವರು ಚೀನಾದ ಒಂದು ಫೌಂಡ್ರಿಯ ಜೊತೆ ಮೂರು ವರ್ಷದ ಕರಾರು ಮಾಡಿಕೊಂಡಿದ್ದರು.

ವಾರಕ್ಕೆ ಆರು ದಿನದ ಕೆಲಸ ಮೂರು ದಿನಕ್ಕೆ ಇಳಿಯಿತು. ನಮ್ಮಲ್ಲಿ ಬಹಳ ಮಂದಿ ಖಾನಾಪುರ ಕಡೆಯವರು. ಬೀಡಿ, ಜಾಂಬೋಟಿ ಎಂಬ ಊರುಗಳ ಕಡೆಯಿಂದ ಬಸ್ಸು ಹತ್ತಿ ಬರುವವರು. ಕೆಲಸವಿಲ್ಲದ ದಿನ ಊರಲ್ಲಿ ಗದ್ದೆಗೆ ಇಳಿಯುತ್ತಿದ್ದರು. ಗದ್ದೆ ಇಲ್ಲದವರು ಗೋವಾದ ದಾರಿ ಹಿಡಿದರು. ಪ್ಯಾಟರ್ನ್ ಮಾಡುವ ತುಕಾರಾಮ ಮಾಮಾ ಜಾಂಬೋಟಿಯವರು. ಎರಕ ಹೊಯ್ಯುವ ಮೊದಲು ವಸ್ತುವಿನ ಆಕಾರವನ್ನು ಮರದಲ್ಲಿ ಕೆತ್ತಿ ಕೊಡುವುದು ಅವರ ಕೆಲಸ. ಅದನ್ನು ಮರಳಿನಲ್ಲಿ ಒತ್ತಿ ಅಚ್ಚು ತೆಗೆಯುತ್ತಾರೆ. ಹೊಸ ಆರ್ಡರ್ ಇಲ್ಲವೆಂದರೆ ಮೊದಲು ಕೆಲಸ ತಪ್ಪುವುದು ಅವರಿಗೇ. ಉಳಿ, ರಂದಾ ಎಲ್ಲ ಎಣ್ಣೆ ಹಚ್ಚಿ ಬಟ್ಟೆಯಲ್ಲಿ ಸುತ್ತಿಟ್ಟು, "ಕರದಾಗ ಬರ್ತೀನ್ರಿ, ಶೋಭಾತಾಯಿ," ಎಂದು ಹೋದರು.

ಸೆಪ್ಟೆಂಬರಿನಲ್ಲಿ ಕೊಲ್ಲಿ ದೇಶದ ಒಬ್ಬ ವ್ಯಾಪಾರಿಯಿಂದ ವಿಚಾರಣೆ ಬಂತು. ಒಂದೇ ವಸ್ತು, ಆದರೆ ಶೆಡ್ಡು ಪೂರ್ತಿ ಹಗಲು ಪಾಳಿ ಓಡಿದರೂ ವರ್ಷಕ್ಕೆ ಸಾಲುವಷ್ಟು. ನಕ್ಷೆಯ ಮೂಲೆಯಲ್ಲಿ ಸಾಮಾನ್ಯವಾಗಿ ಕಂಪನಿಯ ಹೆಸರು, ವಸ್ತುವಿನ ಹೆಸರು ಇರುತ್ತದೆ. ಅಲ್ಲಿ ಬಿಳಿ ಚೌಕ ಇತ್ತು. ಉಪಯೋಗ ಎಂಬಲ್ಲಿ "ಕೃಷಿ" ಎಂದಿತ್ತು. ಕೊನೆಗೆ ಯಾರು ಬಳಸುತ್ತಾರೆ ಎಂಬಲ್ಲಿ ಏನೂ ಇರಲಿಲ್ಲ. ಅದನ್ನು ನಾವೇ ತುಂಬಿ, ಸಹಿ ಮಾಡಿ ಕಳಿಸಬೇಕು.

ಉದ್ದಕ್ಕೆ ಒಂದು ಸೋರೆಕಾಯಿಯಂಥ ಆಕಾರ, ಒಳಗೆ ಟೊಳ್ಳು, ಹಿಂದೆ ಸಣ್ಣದಾಗುತ್ತ ಹೋಗುವ ಬಾಲ. ಒಂಬತ್ತು ವರ್ಷದಲ್ಲಿ ನಾನು ನೂರಾರು ಕೃಷಿ ಯಂತ್ರದ ನಕ್ಷೆ ನೋಡಿದ್ದೆ, ಇಂಥದ್ದು ನೋಡಿರಲಿಲ್ಲ.

"ಇದು ಏನಂತ ಕೇಳೂಣ್ರಿ?" ಅಂದೆ.

"ಕೃಷಿ ಅಂತ ಬರದಾರಲ್ಲ," ಅಂದರು ಅಪ್ಪಾಸಾಹೇಬರು. ಅವರ ಕಣ್ಣು ನನ್ನ ಕಡೆ ಇರಲಿಲ್ಲ.

ಅದೇ ವಾರ ದಿಲ್ಲಿಯಿಂದ ಒಬ್ಬ ಅಧಿಕಾರಿ ಬೆಳಗಾವಿಗೆ ಬಂದಿದ್ದರು. ರಫ್ತು ಮಾಡುವವರ ಅಹವಾಲು ಕೇಳುವ ಸಭೆ. ಅಪ್ಪಾಸಾಹೇಬರು ನನ್ನನ್ನೂ ಕರೆದುಕೊಂಡು ಹೋದರು. ಅಧಿಕಾರಿ ಮೈಸೂರು ಕಡೆಯವರು, ನಲವತ್ತರ ಆಸುಪಾಸು. ಪರದೆಯ ಮೇಲೆ ಜಗತ್ತಿನ ನಕ್ಷೆ ತೋರಿಸಿ ಮಾತಾಡಿದರು. ದೊಡ್ಡ ಶಕ್ತಿಗಳ ಜಾಗ ಬದಲಾಗುತ್ತಿದೆ, ನಮ್ಮ ದೇಶ ಯಾರ ಗುಂಪಿಗೂ ಸೇರದೆ ಎಲ್ಲರ ಜೊತೆಗೂ ಬಾಗಿಲು ತೆರೆದಿಟ್ಟುಕೊಂಡಿದೆ, ಆಫ್ರಿಕಾ ನೋಡಿ, ದಕ್ಷಿಣ ಅಮೆರಿಕ ನೋಡಿ, ಒಬ್ಬರನ್ನೇ ನೆಚ್ಚಿ ಕೂರಬೇಡಿ. ಅವರು ಹೇಳಿದ್ದರಲ್ಲಿ ತಪ್ಪು ಯಾವುದೂ ನನಗೆ ಕಾಣಲಿಲ್ಲ.

ಅಪ್ಪಾಸಾಹೇಬರು ಎದ್ದು ನಿಂತರು.

"ಸಾಹೇಬ್ರ, ಬಾಗಿಲಾ ತೆರದದ ಅಂದ್ರಿ. ಖರೇ. ನಾ ಒಂದು ಬಾಗಿಲದಾಗ ಹೋಗಬೇಕಂದ್ರ ಇನ್ನೊಂದು ಮುಚ್ಚಿ ಬಾ ಅಂತಾರ. ಮುಚ್ಚಿ ಬಂದೆ. ಬಂದ ಮ್ಯಾಲ ಇದನ್ನೂ ಮುಚ್ಚಿದ್ರು. ನನಗ ನಕ್ಷಾ ಬ್ಯಾಡ್ರಿ. ನಾ ಯಾರಿಗೆ ಮಾರಬೇಕು, ಯಾರಿಗೆ ಮಾರಬಾರದು, ಅಷ್ಟು ಹೇಳ್ರಿ."

ಸಭೆಯಲ್ಲಿ ಯಾರೋ ನಕ್ಕರು. ಅಧಿಕಾರಿ ನಗಲಿಲ್ಲ. ಕಾನೂನಿನಲ್ಲಿ ಯಾವುದಕ್ಕೆ ಪರವಾನಗಿ ಬೇಕು, ಯಾವುದಕ್ಕೆ ಬೇಡ ಎಂದು ವಿವರಿಸಿ ಕೂತರು. ಸಭೆ ಮುಗಿದು ಚಹಾ ಕುಡಿಯುವಾಗ ತಾವಾಗಿಯೇ ನಮ್ಮ ಹತ್ತಿರ ಬಂದರು.

"ನಿಮ್ಮ ಪ್ರಶ್ನೆಗೆ ಉತ್ತರ ಕೊಡಲಿಲ್ಲ ಅಂತ ನನಗೆ ಗೊತ್ತು ಸಾರ್," ಅಂದರು. "ಯಾರಿಗೆ ಮಾರಬೇಡಿ ಅಂತ ಸರ್ಕಾರ ಹೇಳಿದ ಕೂಡಲೇ ನಾವು ಒಂದು ಕಡೆ ಸೇರಿದ ಹಾಗೆ. ಹೇಳದೇ ಇದ್ದರೆ ಅದರ ಭಾರ ನಿಮ್ಮಂಥವರ ಮೇಲೆ ಬೀಳುತ್ತೆ. ದಿಲ್ಲಿಯಲ್ಲಿ ಇದನ್ನ ದಿನಾ ಮಾತಾಡ್ತೀವಿ. ಇದಕ್ಕೆ ಸರಿಯಾದ ಉತ್ತರ ಇನ್ನೂ ನಮ್ಮ ಹತ್ತಿರ ಇಲ್ಲ."

ಅಪ್ಪಾಸಾಹೇಬರು ಚಹಾದ ಕಪ್ಪು ಕೆಳಗಿಟ್ಟರು. "ಖರೇ ಹೇಳಿದ್ರಿ, ಅಷ್ಟ ಸಾಕು," ಎಂದು ಕೈ ಮುಗಿದರು. ಹೊರಗೆ ಬಂದು ಕಾರಿನಲ್ಲಿ ಕೂತ ಮೇಲೆ, "ನಾಳೆ ಜಾಂಬೋಟಿಗೆ ಹೋಗೂಣು. ತುಕಾರಾಮನ್ನ ಕರಕೊಂಡು ಬರಬೇಕು. ಸ್ಯಾಂಪಲ್ ಆದ್ರೂ ಮಾಡಿ ಕಳಸೂಣು," ಅಂದರು.

ಜಾಂಬೋಟಿಯಲ್ಲಿ ಮಳೆ ಬೆಳಗಾವಿಯ ಮಳೆಯಲ್ಲ. ಕಾಡಿನ ದಾರಿಯಲ್ಲಿ ಹತ್ತು ಹೆಜ್ಜೆ ಮುಂದಿನದು ಕಾಣುತ್ತಿರಲಿಲ್ಲ. ಭತ್ತ ಮೊಣಕಾಲುದ್ದ ಬೆಳೆದು ನಿಂತಿತ್ತು. ತುಕಾರಾಮ ಮಾಮಾ ತಲೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹೊದ್ದು ಗದ್ದೆಯ ಬದು ಕಟ್ಟುತ್ತಿದ್ದರು. ನಮ್ಮನ್ನು ನೋಡಿ ಕಾಲು ತೊಳೆದುಕೊಂಡು ಬಂದು, ಜಗುಲಿಯ ಮೇಲೆ ಚಾಪೆ ಹಾಸಿದರು. ಒಳಗೆ ಹೆಂಡತಿಗೆ ಮರಾಠಿಯಲ್ಲಿ ಚಹಾ ಇಡಲು ಹೇಳಿದರು.

ಅಪ್ಪಾಸಾಹೇಬರು ನಕ್ಷೆ ಬಿಚ್ಚಿ ಅವರ ಮುಂದಿಟ್ಟರು. ಮಾಮಾ ಕೈ ಒರೆಸಿಕೊಂಡು ಅದರ ಮೇಲೆ ಬಗ್ಗಿದರು. ಹೆಚ್ಚು ಹೊತ್ತು ನೋಡಲಿಲ್ಲ.

"ಯಾರ ಕೊಟ್ಟಾರ್ರಿ ಇದನ್ನ?"

"ಯಾಕ?"

"ಇದು ಯುದ್ಧದಾಗ ಹಾರಸೂ ಮಾರ್ಟರ್ ಗುಂಡ್ರಿ, ಸಾಹೇಬ್ರ. ಹರೇದಾಗ ಎರಡು ವರ್ಷ ಪುಣೆ ಕಡೆ ಮದ್ದುಗುಂಡಿನ ಕಾರ್ಖಾನ್ಯಾಗ ಕೆಲಸಾ ಕಲತೇನಲ್ರಿ. ಇದರದ ಪ್ಯಾಟರ್ನ್ ನನ್ನ ಉಸ್ತಾದ ಮಾಡತಿದ್ದ. ಇಲ್ಲಿ ಬಾಲಕ್ಕ ರೆಕ್ಕಿ ಕುಂದರ್ತಾವ. ಒಳಗ ಮದ್ದು ತುಂಬ್ತಾರ."

ಅಪ್ಪಾಸಾಹೇಬರು ಆಶ್ಚರ್ಯಪಡಲಿಲ್ಲ. ಅವರಿಗೆ ಅಂದಾಜು ಇತ್ತೆಂದು ನನಗೆ ಆಗ ಖಾತ್ರಿಯಾಯಿತು. "ದೇಶಾ ದೇಶಾನ ಮಾರ್ತಾವ ಇದನ್ನ," ಅಂದರು. "ನಮ್ಮ ದೇಶಾನೂ ಈಗ ಮಾರ್ತದ. ಪೇಪರದಾಗ ಹೆಮ್ಮಿಲೆ ಬರೀತಾರ. ನಾ ಮಾಡಿದ್ರ ಏನ ತಪ್ಪು?"

ಮಾಮಾ ನನ್ನ ಕಡೆ ನೋಡಿದರು. ನಾನು ಎರಡು ದಿನದಿಂದ ಬಾಯಲ್ಲಿಟ್ಟುಕೊಂಡಿದ್ದ ಮಾತು ಆಗ ಹೊರಗೆ ಬಂತು.

"ದೇಶ ಮಾರಿದ್ರ ಹೆಸರು ಹಾಕಿ ಮಾರ್ತದ್ರಿ. ಯಾರಿಗೆ, ಎಷ್ಟು, ಎಲ್ಲಾ ಬರದು ಮಾರ್ತದ. ಬ್ಯಾಡ ಅನ್ನೋರು ಎದ್ದು ಬ್ಯಾಡ ಅನ್ನಬಹುದು. ಈ ಕಾಗದದಾಗ ಹೆಸರ ಇಲ್ಲ. ಇದರ ಮ್ಯಾಲ ಕೃಷಿ ಅಂತ ಬರದು ಸಹಿ ಮಾಡಾಕ ನನಗ ಆಗಂಗಿಲ್ರಿ. ಸಿಟ್ಟಾಗಬ್ಯಾಡ್ರಿ."

"ನಿನ್ನ ಸಹಿ ಬ್ಯಾಡ. ನಾ ಹಾಕ್ತೀನಿ," ಅಂದರು ಅವರು, ಗಡುಸಾಗಿ. ಆಮೇಲೆ ಮಾಮಾನ ಕಡೆ ತಿರುಗಿ, "ನೀ ಹೇಳಪಾ. ಮಾಡ್ತಿ ಏನಿಲ್ಲ? ಊರಾಗ ನಿನ್ನಂಗ ಇಪ್ಪತ್ತು ಮಂದಿ ಮನ್ಯಾಗ ಕುಂತಾರ."

ಚಹಾ ಬಂತು. ಮಾಮಾ ಕಪ್ಪಿನ ಕೆಳಗಿನ ಬಸಿಯಲ್ಲಿ ಹುಯ್ದುಕೊಂಡು ಊದಿದರು, ಕುಡಿಯಲಿಲ್ಲ.

"ನನ್ನ ಮಗಾ ಗಡಿ ಮ್ಯಾಲ ಅದಾನ್ರಿ," ಅಂದರು. "ಅಂವನ ಕೈಯಾಗ ಕೊಡ್ತೀನಿ ಅಂದ್ರ ಇವತ್ತ ಮಾಡಿ ಕೊಡ್ತೀನಿ, ಪಗಾರ ಬ್ಯಾಡ. ಇದು ಯಾರ ಕೈಯಾಗ ಹೋಗ್ತದ ನಿಮಗೂ ಗೊತ್ತಿಲ್ಲ. ತಿರುಗಿ ಅಂವನ ಮ್ಯಾಲೇ ಬಿದ್ರ? ನಾ ಮಾಡಂಗಿಲ್ರಿ, ಸಾಹೇಬ್ರ. ಗದ್ದ್ಯಾಗ ಇರ್ತೀನಿ."

ಅಪ್ಪಾಸಾಹೇಬರ ಮುಖ ಕೆಂಪಾಯಿತು. ಮಾಮಾ ಅವರಿಗೆ ಇಲ್ಲ ಎಂದದ್ದನ್ನು ಒಂಬತ್ತು ವರ್ಷದಲ್ಲಿ ನಾನು ಕೇಳಿರಲಿಲ್ಲ, ಮೂವತ್ತು ವರ್ಷದಲ್ಲಿ ಬಹುಶಃ ಅವರೂ ಕೇಳಿರಲಿಲ್ಲ. ನಕ್ಷೆಯನ್ನು ಮಡಚಿದರು. ಚಹಾ ಪೂರ್ತಿ ಕುಡಿದರು. ಕುಡಿಯದೆ ಎದ್ದರೆ ಆ ಮನೆಗೆ ಅವಮಾನ ಎಂಬುದು ಅಷ್ಟು ಸಿಟ್ಟಿನಲ್ಲೂ ಅವರಿಗೆ ನೆನಪಿತ್ತು.

ಹಿಂದಿರುಗುವಾಗ ಅಪ್ಪಾಸಾಹೇಬರೇ ಕಾರು ಓಡಿಸುತ್ತಿದ್ದರು. ಕಾಡು ದಾಟಿ ಬಯಲು ಬಂದ ಮೇಲೆ ಕಾರನ್ನು ಬದಿಗೆ ನಿಲ್ಲಿಸಿದರು.

"ಬರಕೋ," ಅಂದರು. ಚೀಲದಿಂದ ಹಳೆಯ ಡೈರಿ ತೆಗೆದೆ. "ಈ ವಸ್ತು ಏನು, ಕೊನಿಗೆ ಬಳಸಾಂವ ಯಾರು, ಅವನ ದೇಶದ ಸರ್ಕಾರದ ಕಾಗದ ಎಲ್ಲಿ ಅದ? ಎಲ್ಲಾ ಬಂದ್ರ ನಾನು ನಮ್ಮ ಸರ್ಕಾರದ ಪರವಾನಗಿ ಕೇಳ್ತೀನಿ. ಆಮ್ಯಾಲ ಮಾತಾಡೂಣು. ಇಲ್ಲಂದ್ರ ಇಲ್ಲ. ಹಿಂಗ ಬರಿ."

ಬರೆದೆ. ಆ ವ್ಯಾಪಾರಿಯಿಂದ ಮತ್ತೆ ಒಂದು ಸಾಲೂ ಬರಲಿಲ್ಲ.

ಇದರಿಂದ ಎಲ್ಲ ಒಳ್ಳೆಯದಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ದೀಪಾವಳಿಯ ಹೊತ್ತಿಗೆ ಕಬ್ಬಿಣ ಕರಗಿಸುವ ಎರಡು ಭಟ್ಟಿಗಳಲ್ಲಿ ಒಂದನ್ನು ಮುಚ್ಚಿದರು. ಫೌಂಡ್ರಿಯ ಕೆಲಸಗಾರರಲ್ಲಿ ಆರು ಜನ ಮಾತ್ರ ಉಳಿದರು. ನನಗೂ ಕೆಲಸ ಇರಲಿಲ್ಲ. ಪರದೇಶವೇ ಇಲ್ಲದ ಮೇಲೆ ಪರದೇಶದ ಪತ್ರ ಎಲ್ಲಿಂದ? ಖಾಸಬಾಗದ ಹತ್ತಿರವೇ ಒಂದು ಆಸ್ಪತ್ರೆಯ ಕಚೇರಿಗೆ ಸೇರಿದೆ. ರೋಗಿಗಳ ವಿಮೆಯ ಅರ್ಜಿ ತುಂಬುವ ಕೆಲಸ. ಬೀಡಿ ಕಡೆಯ ಮುದುಕಿಯೊಬ್ಬಳು ಹೆಬ್ಬೆಟ್ಟು ಒತ್ತುವ ಮೊದಲು, "ಏನ ಬರದೀಯವ್ವಾ ಇದರಾಗ?" ಎಂದು ಕೇಳಿದರೆ ನನಗೆ ಆ ನಕ್ಷೆಯ ಬಿಳಿ ಚೌಕ ನೆನಪಾಗುತ್ತಿತ್ತು. ಪ್ರತಿ ಸಾಲನ್ನೂ ಓದಿ ಹೇಳುತ್ತಿದ್ದೆ. ಹಿಂದೆ ನಿಂತವರು ಬೇಸರಪಡುತ್ತಿದ್ದರು. ಆ ಮಳೆಗಾಲದ ಎರಡು ನಿರ್ಧಾರಗಳಲ್ಲಿ ಎರಡನೆಯದರ ಬಗ್ಗೆ ನನಗೆ ಅನುಮಾನವಿರಲಿಲ್ಲ. ಮೊದಲನೆಯದು ಮಾತ್ರ ಸುಮ್ಮನಿರಲು ಬಿಡಲಿಲ್ಲ. ಕುಡಿಯುವ ನೀರಿನ ಪಂಪು ಕೊಡುವುದಿಲ್ಲವೆಂದು ಬರೆದವಳು, ಗುಂಡು ಕೊಡುವುದಿಲ್ಲವೆಂದು ಎದೆಯೆತ್ತಿ ಹೇಳಿದರೆ ಅದು ಎಷ್ಟರ ಮಟ್ಟಿನದು? ಆ ಕಡೆ ಯುದ್ಧ ಹೂಡಿದ ದೇಶಕ್ಕೆ ಪಂಪೂ ಕೊಡಬಾರದು ಅನ್ನುವವರ ಮಾತಿನಲ್ಲೂ ನ್ಯಾಯವಿದೆ. ಆದರೆ ನಾವು ನಿಲ್ಲಿಸಿದ್ದು ಆ ನ್ಯಾಯಕ್ಕಲ್ಲ. ಹೆದರಿ ನಿಲ್ಲಿಸಿದೆವು.

ಈ ವರ್ಷದ ಮೊದಲ ಮಳೆಯ ಮರುದಿನ ಅಪ್ಪಾಸಾಹೇಬರು ಫೋನ್ ಮಾಡಿ ಕರೆಸಿದ್ದು ಇದೇ ವಿಷಯಕ್ಕೆ. ಸುಂಕ ಇಳಿದ ಮೇಲೆ ಅಮೆರಿಕದ ಕಂಪನಿ ಮತ್ತೆ ಬರೆದಿತ್ತು. ಜೊತೆಗೆ ಅದೇ ಕಾಗದ, ಈ ಸಲ ಇನ್ನೂ ಎರಡು ದೇಶಗಳ ಹೆಸರು ಸೇರಿಸಿ. ಅಪ್ಪಾಸಾಹೇಬರು ಮಾರುವುದಿಲ್ಲ ಎಂಬ ಕಲಮಿನ ಮೇಲೆ ಅಡ್ಡಗೆರೆ ಎಳೆದು, ಉಳಿದದ್ದಕ್ಕೆ ಸಹಿ ಹಾಕಿ ಕಳಿಸಿದ್ದರು. ಕಂಪನಿಯವರು ವಿಡಿಯೋದಲ್ಲಿ ಮಾತಾಡಬೇಕೆಂದರು. ಅದಕ್ಕೆ ನಾನು.

ಪರದೆಯಲ್ಲಿ ಕಂಡ ಅಮೆರಿಕದ ಖರೀದಿ ಅಧಿಕಾರಿ ಸೌಜನ್ಯದವನು. ಈ ಗೆರೆ ಯಾಕೆ ಎಂದು ಕೇಳಿದ. ಅಪ್ಪಾಸಾಹೇಬರು ಕನ್ನಡದಲ್ಲಿ ಹೇಳಿದರು, ನಾನು ಇಂಗ್ಲಿಷಿಗೆ ತಿರುಗಿಸಿದೆ.

"ನಾ ಏನ ಮಾಡ್ತೀನಿ, ಯಾರಿಗೆ ಕಳಸ್ತೀನಿ, ಎಲ್ಲಾ ನಿಮಗ ತೆರದು ತೋರಸ್ತೀನಿ. ನಿಮ್ಮ ಡ್ರಾಯಿಂಗ್ ಯಾರ ಕೈಗೂ ಹೋಗಂಗಿಲ್ಲ. ಆದ್ರ ನಾಳೆ ಯಾರಿಗೆ ಮಾರಂಗಿಲ್ಲ ಅಂತ ಇವತ್ತು ಬರದು ಕೊಡಂಗಿಲ್ಲ. ಹೋದ ಸಲ ಬರದು ಕೊಟ್ಟಿದ್ದೆ. ನೀವು ಆರ್ಡರ್ ನಿಲ್ಲಿಸೂ ಮುಂದ ನನಗ ಕೇಳಲಿಲ್ಲ."

ಆತ ಅದನ್ನು ಬರೆದುಕೊಂಡ. ವಕೀಲರ ಜೊತೆ ಮಾತಾಡಿ ಹೇಳುತ್ತೇನೆ ಅಂದ. ಎರಡು ವಾರದ ಮೇಲೆ ಉತ್ತರ ಬಂತು. ಅಡ್ಡಗೆರೆ ಒಪ್ಪಿದ್ದರು, ಆರ್ಡರ್ ಮೊದಲಿನ ಮೂರರಲ್ಲಿ ಒಂದು ಪಾಲಿಗೆ ಇಳಿಸಿದ್ದರು. ತುಕಾರಾಮ ಮಾಮಾ ವಾರಕ್ಕೆ ಎರಡು ದಿನ ಬರತೊಡಗಿದರು. ಉಳಿದ ಹೊತ್ತಿಗೆ ಒಂದು ಆಫ್ರಿಕಾ ದೇಶದ ಗಿರಣಿಯ ಭಾಗಗಳಿಗೆ ವಿಚಾರಣೆ ನಡೆದಿದೆ. ಆಗುತ್ತದೋ ಇಲ್ಲವೋ ತಿಳಿಯದು.

ವಿಡಿಯೋದಲ್ಲಿ ಮಾತಾಡಿದ ದಿನವೇ ಅಪ್ಪಾಸಾಹೇಬರು, "ಆ ಬಾಯಿಗೂ ಒಂದು ಬರಿ," ಅಂದರು. "ವ್ಯಾಪಾರದ್ದ ಬ್ಯಾಡ. ಹೆಂಗ ಅದಾರ ಕೇಳು."

ನಾನು ಬರೆದೆ. ಬಹಳ ದಿನಗಳ ಮೇಲೆ ಅವ್ವನ ಸಕ್ಕರೆ ಕಾಯಿಲೆಯ ಬಗ್ಗೆಯೂ ಬರೆದೆ. ನಿನ್ನೆ ಲ್ಯುಡ್ಮಿಲಾಳ ಉತ್ತರ ಬಂತು. ತಾಯಿ ಚಳಿಗಾಲದಲ್ಲಿ ತೀರಿಕೊಂಡರಂತೆ. ಅದರ ಕೆಳಗೆ ಎರಡು ಸಾಲು. ಅದನ್ನು ಅಪ್ಪಾಸಾಹೇಬರಿಗೆ ಫೋನಿನಲ್ಲಿ ಓದಿ ಹೇಳಿದೆ.

"ನಿಮ್ಮ ಎರಕದ ಪಂಪುಗಳು ಇನ್ನೂ ಓಡುತ್ತಿವೆ. ಚೀನಾದ ಎರಕದವೂ ಚೆನ್ನಾಗಿಯೇ ಓಡುತ್ತಿವೆ."

ಫೋನಿನಲ್ಲಿ ಶೆಡ್ಡಿನ ತಗಡಿನ ಮೇಲೆ ಮಳೆ ಬೀಳುವ ಸದ್ದು ಕೇಳುತ್ತಿತ್ತು.

"ಎರಡನೇದ್ದು ಇನ್ನೊಮ್ಮೆ ಓದು," ಅಂದರು.

ಓದಿದೆ.

"ಹೂಂ. ನಾವು ಬಿಟ್ರೂ ಅವರ ನೀರು ನಿಂತಿಲ್ಲ," ಅಂದರು. ಆಮೇಲೆ ಫೋನನ್ನು ಕೆಳಗಿಡದೆಯೇ, ಶೆಡ್ಡಿನ ಕಡೆ ತಿರುಗಿ ಯಾರಿಗೋ ಭಟ್ಟಿ ಹಚ್ಚಲು ಹೇಳುತ್ತಿರುವುದು ನನಗೆ ಕೇಳಿಸಿತು.